1187.4ರಲ್ಲಿ ನಿಂತ ಮೀಟರ್

ಹತ್ತೊಂಬತ್ತು ದಿನ ಲಾಗ್ ಬುಕ್ಕಿನಲ್ಲಿ ಒಂದೇ ಸಂಖ್ಯೆ ಇತ್ತು: 1187.4. ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಪಕ್ಕ ದಾರ ಕಟ್ಟಿ ನೇತುಹಾಕಿರುವ ಆ ಪುಸ್ತಕದಲ್ಲಿ ವಾಚ್‌ಮನ್ ದಿನಾ ರಾತ್ರಿ ಎಂಟಕ್ಕೆ ಮೀಟರ್ ನೋಡಿ ಬರೆಯುತ್ತಾರೆ. ಅವರು ಕಂಡದ್ದನ್ನೇ ಬರೆದಿದ್ದರು. ಓದಬೇಕಾದ ನಾವು ಓದಿರಲಿಲ್ಲ. ಮೇ ತಿಂಗಳ ಮಳೆಗೆ ಗುಲ್‌ಮೊಹರ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತಿತ್ತು, ಕರೆಂಟ್ ಹೋಗುತ್ತಿತ್ತು, ಜನರೇಟರ್ ಓಡುತ್ತಿತ್ತು. ತಿಂಗಳ ಕೊನೆಗೆ ಡೀಸೆಲ್ ಬಿಲ್ಲನ್ನೂ ಲಾಗ್ ಬುಕ್ಕನ್ನೂ ಪಕ್ಕಪಕ್ಕ ಇಟ್ಟು ಕೂತಾಗ ವಿಷಯ ತಿಳಿಯಿತು. 84 ಲೀಟರ್ ಡೀಸೆಲ್ ಖರ್ಚಾಗಿದೆ, ಓಡಿದ ಗಂಟೆ ಸೊನ್ನೆ.

ನಿಂತುಹೋದದ್ದು ಅವರ್ ಮೀಟರ್. ಎಂಜಿನ್ ಇಲ್ಲಿಯವರೆಗೆ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಉಪಕರಣ. ಕಾರಿಗೆ ಕಿಲೋಮೀಟರ್ ಇದ್ದ ಹಾಗೆ, ನಿಂತಲ್ಲೇ ದುಡಿಯುವ ಯಂತ್ರಗಳಿಗೆ ಗಂಟೆ. ಜನರೇಟರ್ ಎಲ್ಲಿಗೂ ಹೋಗುವುದಿಲ್ಲ. ಜೆಸಿಬಿ ದಿನವಿಡೀ ಮಣ್ಣು ತೋಡಿದರೂ ನೂರು ಮೀಟರ್ ಸರಿದಿರುವುದಿಲ್ಲ. ಹುಲ್ಲು ಕತ್ತರಿಸುವ ಸವಾರಿ ಯಂತ್ರ ಮೈದಾನದಲ್ಲಿ ಆಮೆಯ ವೇಗದಲ್ಲಿ ಸುತ್ತುತ್ತದೆ, ಆದರೆ ಅದರ ಎಂಜಿನ್ ಮಾತ್ರ ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತದೆ. ಇವುಗಳ ಸವೆತಕ್ಕೆ ದೂರ ಅಳತೆಯಾಗದು. ಆಯಿಲ್ ಯಾವಾಗ ಬದಲಿಸಬೇಕು, ಫಿಲ್ಟರ್ ಯಾವಾಗ ತೆಗೆಯಬೇಕು ಎಂಬುದೆಲ್ಲ ಗಂಟೆಯ ಮೇಲೆಯೇ ನಿಂತಿದೆ. ಸಣ್ಣ ಲಾನ್ ಮೋವರ್‌ಗಳಿಗೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಆಯಿಲ್. ಅಪಾರ್ಟ್‌ಮೆಂಟುಗಳ ಡೀಸೆಲ್ ಜನರೇಟರ್‌ಗಳಿಗೆ ಮಾದರಿ ನೋಡಿಕೊಂಡು 250ರಿಂದ 500 ಗಂಟೆ.

ನಿಜ ಹೇಳಬೇಕೆಂದರೆ ಬೆಂಗಳೂರಿನ ಕಾರುಗಳಿಗೂ ಗಂಟೆಯ ಲೆಕ್ಕ ಬೇಕು. ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕದ ಪ್ರಕಾರ 2022ರಲ್ಲಿ ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಆ ವೇಗದಲ್ಲಿ 10,000 ಕಿ.ಮೀ. ಮುಗಿಯುವ ಹೊತ್ತಿಗೆ ಎಂಜಿನ್ 500 ಗಂಟೆ ಓಡಿರುತ್ತದೆ. ತುಮಕೂರು ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋದವರ ಕಾರು ಅಷ್ಟೇ ದೂರವನ್ನು 167 ಗಂಟೆಯಲ್ಲಿ ಮುಗಿಸುತ್ತದೆ. ಕಿಲೋಮೀಟರ್ ಒಂದೇ, ಎಂಜಿನ್ನಿನ ದುಡಿಮೆ ಮೂರು ಪಟ್ಟು. ಸಿಲ್ಕ್ ಬೋರ್ಡ್ ದಾಟಿ ದಿನಾ ಕೆಲಸಕ್ಕೆ ಹೋಗುವವರು ಸರ್ವಿಸ್ ಬೇಗ ಮಾಡಿಸುವುದೇ ಒಳ್ಳೆಯದು.

ಅವರ್ ಮೀಟರ್ ಒಳಗೆ ಮೂರು ಕೆಲಸ ನಡೆಯುತ್ತವೆ. ಎಂಜಿನ್ ಓಡುತ್ತಿದೆಯೇ ಎಂದು ತಿಳಿಯಬೇಕು, ಹೊತ್ತು ಅಳೆಯಬೇಕು, ಅಳೆದದ್ದನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಹೊತ್ತು ಅಳೆಯುವ ಕೆಲಸ ಬಹಳ ಸೊಗಸಿನದು. ಇಂದಿನ ಮೀಟರ್‌ಗಳಲ್ಲಿ ಅದನ್ನು ಮಾಡುವುದು ನಮ್ಮ ಕ್ವಾರ್ಟ್ಸ್ ಕೈಗಡಿಯಾರದಲ್ಲಿರುವಂಥದೇ ಹರಳು. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ: ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವುದು ಎಲೆಕ್ಟ್ರಾನಿಕ್ ಮಂಡಲಕ್ಕೆ ಅತ್ಯಂತ ಸುಲಭದ ಕೆಲಸ. ಹಾಗೆ ಸಿಕ್ಕ ಒಂದೊಂದು ಸೆಕೆಂಡನ್ನೂ ಎಣಿಸಿ 360 ಆದಾಗ ಕೊನೆಯ ಅಂಕಿ ಒಂದು ಹೆಜ್ಜೆ ಸರಿಯುತ್ತದೆ. ಹರಳಿನ ತಪ್ಪು ಹತ್ತು ಲಕ್ಷಕ್ಕೆ 20 ಪಾಲು ಎಂದಿಟ್ಟುಕೊಂಡರೂ ಸಾವಿರ ಗಂಟೆಗೆ ವ್ಯತ್ಯಾಸ 72 ಸೆಕೆಂಡ್ ಅಷ್ಟೇ.

ಆ ಕೊನೆಯ ಅಂಕಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. 3.5 ಎಂದರೆ ಮೂರೂವರೆ ಗಂಟೆ. ಮೂರು ಗಂಟೆ ಐದು ನಿಮಿಷವೂ ಅಲ್ಲ, ಐವತ್ತು ನಿಮಿಷವೂ ಅಲ್ಲ. ಬನಶಂಕರಿಯ ಹೊರಗಿನ ಬಡಾವಣೆಗಳಲ್ಲಿ ಪಾಯ ತೋಡಿಸಲು ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸುವವರು ಇದನ್ನು ತಿಳಿದಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಕ್ವಾರ್ಟ್ಸ್ ಬರುವ ಮೊದಲು ಬೇರೆ ಬೇರೆ ಉಪಾಯಗಳಿದ್ದವು. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಕೇಬಲ್ಲೇ ಅಂಕಿಗಳ ಚಕ್ರವನ್ನು ತಿರುಗಿಸುತ್ತಿತ್ತು. ಅಲ್ಲಿ ಎಣಿಕೆಯಾಗುತ್ತಿದ್ದದ್ದು ಹೊತ್ತಲ್ಲ, ಎಂಜಿನ್ನಿನ ಸುತ್ತು. ನಿಗದಿತ ವೇಗದ ಅರ್ಧದಲ್ಲಿ ಒಂದು ಗಂಟೆ ಓಡಿಸಿದರೆ ಮೀಟರ್ ಅರ್ಧ ಗಂಟೆ ಮಾತ್ರ ತೋರಿಸುತ್ತಿತ್ತು. ಸವೆತದ ದೃಷ್ಟಿಯಿಂದ ನೋಡಿದರೆ ಆ ಹಳೆಯ ಲೆಕ್ಕವೇ ಹೆಚ್ಚು ನ್ಯಾಯದ್ದು ಎಂದು ನನಗನ್ನಿಸುತ್ತದೆ. ಇನ್ನೊಂದು ಬಗೆಯಲ್ಲಿ ಪಾದರಸ ಇರುತ್ತಿತ್ತು. ಕೂದಲಿನಂಥ ಗಾಜಿನ ನಳಿಕೆಯಲ್ಲಿ ಪಾದರಸದ ಎರಡು ಎಳೆ, ನಡುವೆ ಒಂದು ಹನಿ ದ್ರಾವಣ. ತೀರಾ ಸಣ್ಣ ವಿದ್ಯುತ್ ಹರಿಸಿದರೆ ಒಂದು ಕಡೆಯ ಪಾದರಸ ಕರಗಿ ಇನ್ನೊಂದು ಕಡೆ ಸೇರುತ್ತದೆ. ಎಷ್ಟು ವಿದ್ಯುತ್ ಹರಿಯಿತೋ ಅಷ್ಟೇ ಪಾದರಸ ಸಾಗುತ್ತದೆ ಎಂಬುದು 19ನೇ ಶತಮಾನದಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ. ನಡುವಿನ ಹನಿ ಅಳತೆಪಟ್ಟಿಯ ಉದ್ದಕ್ಕೆ ತೆವಳುತ್ತ ಗಂಟೆ ಹೇಳುತ್ತಿತ್ತು. ಅಲುಗುವ ಒಂದೇ ಒಂದು ಚಕ್ರವಿಲ್ಲದ ಗಡಿಯಾರ ಅದು.

ಜನರೇಟರ್ ಪ್ಯಾನೆಲ್‌ಗಳಲ್ಲಿ 230 ವೋಲ್ಟಿನ ಮೀಟರ್ ಕೂಡ ಸಿಗುತ್ತದೆ. ಅದರೊಳಗಿನ ಪುಟ್ಟ ಮೋಟಾರು ಜನರೇಟರ್ ಕೊಡುವ 50 ಹರ್ಟ್ಸ್ ವಿದ್ಯುತ್ತಿನ ತಾಳಕ್ಕೆ ತಿರುಗುತ್ತದೆ. ನಾಲ್ಕು ಧ್ರುವಗಳ ಆಲ್ಟರ್ನೇಟರ್ 50 ಹರ್ಟ್ಸ್ ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಎಂಜಿನ್ 1530ಕ್ಕೆ ಏರಿದರೆ ಮೀಟರಿನ ಗಂಟೆಯೂ ನೂರಕ್ಕೆ ಎರಡರಷ್ಟು ಬೇಗ ಓಡುತ್ತದೆ. 1500ರಲ್ಲಿ ಒಂದು ಗಂಟೆಗೆ 90,000 ಸುತ್ತು, 500 ಗಂಟೆಗೆ ನಾಲ್ಕೂವರೆ ಕೋಟಿ. ಅಷ್ಟು ಸಲ ಉಜ್ಜಿಕೊಂಡ ಬೇರಿಂಗುಗಳ ನಡುವೆ ಇದ್ದ ಆಯಿಲನ್ನು ಬದಲಿಸಿ ಎಂದು ನೆನಪಿಸುವುದು ಈ ಪುಟ್ಟ ಡಬ್ಬಿ.

ಎಂಜಿನ್ ಓಡುತ್ತಿದೆ ಎಂದು ಮೀಟರಿಗೆ ಯಾರು ಹೇಳಬೇಕು? ಅಗ್ಗದ ದಾರಿ ಎಂದರೆ ಕೀಲಿ. ಕೀ ತಿರುಗಿಸಿದೊಡನೆ ಎಣಿಕೆ ಶುರು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಬಿಟ್ಟು ಊಟಕ್ಕೆ ಹೋದರೂ ಗಂಟೆ ಏರುತ್ತಿರುತ್ತದೆ. ಅದಕ್ಕಿಂತ ನಂಬಬಹುದಾದದ್ದು ಆಯಿಲ್ ಪ್ರೆಶರ್ ಸ್ವಿಚ್: ಎಂಜಿನ್ ತಿರುಗಿ ಆಯಿಲಿನ ಒತ್ತಡ ಬಂದಾಗ ಮಾತ್ರ ಅದು ಸಂಪರ್ಕ ಕೊಡುತ್ತದೆ. ಜಕ್ಕೂರಿನಿಂದ ಹಾರುವಂಥ ಸಣ್ಣ ತರಬೇತಿ ವಿಮಾನಗಳಲ್ಲೂ ಅವರ್ ಮೀಟರ್ ಇರುತ್ತದೆ, ಹಲವು ವಿಮಾನಗಳಲ್ಲಿ ಈ ಸ್ವಿಚ್ಚಿನಿಂದಲೇ ನಡೆಯುತ್ತದೆ. 1938ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಂಪನಿ ಕಟ್ಟಿದ ಜಾನ್ ವೆಸ್ಟನ್ ಹಾಬ್ಸ್ ಹೆಸರಿನಿಂದ ಪೈಲಟ್‌ಗಳು ಅದನ್ನು ಹಾಬ್ಸ್ ಮೀಟರ್ ಎನ್ನುತ್ತಾರೆ. ಅಡಿಕೆ ತೋಟದಲ್ಲಿ ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರಕ್ಕೆ ಬ್ಯಾಟರಿಯೇ ಇರುವುದಿಲ್ಲ. ಅದಕ್ಕೂ ಮೀಟರ್ ಇದೆ: ಸ್ಪಾರ್ಕ್ ಪ್ಲಗ್ಗಿನ ಕೇಬಲ್ಲಿಗೆ ಒಂದು ವೈರನ್ನು ನಾಲ್ಕು ಸುತ್ತು ಸುತ್ತಿದರೆ ಸಾಕು, ಕಿಡಿಯ ಮಿಡಿತವನ್ನು ಅದು ಹೊರಗಿನಿಂದಲೇ ಹಿಡಿಯುತ್ತದೆ.

ನಮ್ಮ ಮೀಟರಿಗೆ ಏನಾಗಿತ್ತು? ಬಂದ ಎಲೆಕ್ಟ್ರಿಷಿಯನ್ ಹಿರಿಯರು. ಹೊಸದು ತರಿಸೋಣವೇ ಎಂದು ನಾನು ಕೇಳಿದೆ. "ತಡೀರಿ ಸರ್, ಮೀಟರ್ ಹೋಗಿದೆ ಅಂತ ಯಾರು ಹೇಳಿದ್ದು? ಅರ್ಥ್ ಬಿಟ್ಟಿರಬಹುದು. ಮೊದ್ಲು ಅದನ್ನ ನೋಡೋಣ" ಎಂದರು. ಸರಿಯಾದ ಕ್ರಮ ಇದೇ. ನಿಂತುಹೋಯಿತೆಂದು ಎಸೆಯುವ ಎಷ್ಟೋ ಮೀಟರ್‌ಗಳು ಚೆನ್ನಾಗಿಯೇ ಇರುತ್ತವೆ. ತಪ್ಪಿರುವುದು ಹಾರಿಹೋದ ಫ್ಯೂಸ್, ತುಕ್ಕು ಹಿಡಿದ ಅರ್ಥ್ ವೈರು ಅಥವಾ ಸಡಿಲವಾದ ಲಗ್. ಅವರು ಉಪ್ಪುಕಾಗದದಿಂದ ಅರ್ಥ್ ಬೋಲ್ಟನ್ನು ತಿಕ್ಕಿ, ಎಂಜಿನ್ ಓಡಿಸಿ, ಮೀಟರಿನ ಹಿಂದಿನ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರು. 13.6 ವೋಲ್ಟ್ ಬರುತ್ತಿತ್ತು. ವಿದ್ಯುತ್ ಬಂದೂ ಅಂಕಿ ಕದಲದಿದ್ದರೆ ಮಾತ್ರ ಮೀಟರ್ ಕೆಟ್ಟಿದೆ ಎನ್ನಬಹುದು. ಒಡೆದು ನೋಡಿದಾಗ ಒಳಗೆ ಒಂದು ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಂಜಿನ್ನಿನ ಅದುರುವಿಕೆಗೆ ಬೆಸುಗೆ ದಣಿದು ಒಡೆಯುವುದು ಇಂಥ ಮೀಟರ್‌ಗಳಿಗೆ ತೀರಾ ಸಾಮಾನ್ಯ. ತೆರೆದ ಬಯಲಿನ ಯಂತ್ರಗಳಲ್ಲಿ ಬಿಸಿಲೂ ಮಳೆನೀರೂ ಇದಕ್ಕೆ ಸೇರಿಕೊಳ್ಳುತ್ತವೆ.

ಹೊಸದನ್ನು ಎಸ್‌ಪಿ ರಸ್ತೆಯಿಂದ ತಂದೆವು. ಕೊಳ್ಳುವಾಗ ನೋಡಬೇಕಾದದ್ದು ಮೂರು: ಎಸಿಯೋ ಡಿಸಿಯೋ, 12 ವೋಲ್ಟೋ 24 ವೋಲ್ಟೋ, ಮತ್ತು ಪ್ಯಾನೆಲ್ಲಿನ ತೂತಿನ ಅಳತೆ. ದುಂಡಗಿನವಕ್ಕೆ ಸಾಮಾನ್ಯವಾಗಿ 52 ಮಿ.ಮೀ. ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೆ ಅಂಗಡಿಯವರಿಗೂ ಸುಲಭ.

ಕೂರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಕರೆಂಟ್ ಹೋದ ಕೂಡಲೇ ತಾನೇ ಸ್ಟಾರ್ಟ್ ಆಗುವ ಜನರೇಟರ್ ಇದ್ದರೆ ಜೀವಕ್ಕೇ ಅಪಾಯ. ಮೊದಲು ಪ್ಯಾನೆಲ್ಲಿನ ಸ್ವಿಚ್ಚನ್ನು ಆಫ್‌ಗೆ ತಿರುಗಿಸಬೇಕು, ಬ್ಯಾಟರಿ ಚಾರ್ಜರ್ ಆರಿಸಬೇಕು, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಬೇಕು. ಅಷ್ಟಾದ ಮೇಲೆಯೇ ಕೈ ಒಳಗೆ ಹೋಗಬೇಕು. 230 ವೋಲ್ಟಿನ ಮೀಟರ್ ಆದರೆ ಆ ಪ್ಯಾನೆಲ್ಲಿಗೆ ಬೆಸ್ಕಾಂ ಲೈನೂ ಬಂದಿರಬಹುದು. ಅದನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ಹೊಸ ಮೀಟರ್ 0.0 ತೋರಿಸಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದ ಘಳಿಗೆ ಇದು. ಈ ಮೀಟರ್‌ಗಳನ್ನು ಹಿಂದಕ್ಕೆ ತಿರುಗಿಸಲಾಗದಂತೆ ಸೀಲ್ ಮಾಡಿರುತ್ತಾರೆ, ಹಾಗಾಗಿ ಹಳೆಯ ಗಂಟೆಗಳನ್ನು ಹೊಸದಕ್ಕೆ ತುಂಬಲೂ ಆಗದು. ಇಲ್ಲಿ ಬರೆದಿಡದೆ ಹೋದರೆ 1187 ಗಂಟೆ ದುಡಿದ ಎಂಜಿನ್ ನಾಳೆ ಹೊಸ ಎಂಜಿನ್ನಿನ ವೇಷ ಹಾಕುತ್ತದೆ. ಹಳೆಯ ಜನರೇಟರ್, ಟ್ರ್ಯಾಕ್ಟರ್, ಜೆಸಿಬಿ ಮಾರುವಾಗ ಮೀಟರ್ ಬದಲಿಸಿ ಗಂಟೆ ಕಡಿಮೆ ತೋರಿಸುವ ಮೋಸ ನಡೆಯುವುದು ಹೀಗೆಯೇ. ಕೊಳ್ಳುವವರು ಮೀಟರಿನ ಜೊತೆ ಸರ್ವಿಸ್ ಬಿಲ್ಲುಗಳನ್ನು ಕೇಳಲಿ, ಪೆಡಲ್ಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಲಿ.

ಮೀಟರ್ ಮಲಗಿದ್ದ ಹತ್ತೊಂಬತ್ತು ದಿನಗಳ ಲೆಕ್ಕವನ್ನೂ ತೆಗೆದೆವು. ಸಣ್ಣ ಜನರೇಟರಿನಲ್ಲಿ ಒಂದು ಲೀಟರ್ ಡೀಸೆಲ್ಲಿಗೆ ಮೂರು, ಮೂರೂವರೆ ಯೂನಿಟ್ ಸಿಗುತ್ತದೆ. ಲಿಫ್ಟ್, ಪಂಪು, ದೀಪ ಎಲ್ಲ ಸೇರಿ ನಮ್ಮದು ಸುಮಾರು 20 ಕಿಲೋವಾಟ್ ಹೊರೆ. ಗಂಟೆಗೆ ಆರು ಲೀಟರ್. 84 ಲೀಟರಿಗೆ 14 ಗಂಟೆ. 1187.4ಕ್ಕೆ ಅದನ್ನು ಸೇರಿಸಿ 1201.4 ಎಂದು, ಬದಲಿಸಿದ ತಾರೀಖಿನೊಂದಿಗೆ, ಲಾಗ್ ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಅದೇ ಸಂಖ್ಯೆಯ ಚೀಟಿಯೊಂದನ್ನು ಮೀಟರಿನ ಕೆಳಗೂ ಅಂಟಿಸಿದೆವು. ಇನ್ನು ಮುಂದೆ ಹೊಸ ಮೀಟರ್ ತೋರಿಸಿದ್ದಕ್ಕೆ 1201.4 ಕೂಡಿಸಿದರೆ ಎಂಜಿನ್ನಿನ ನಿಜವಾದ ವಯಸ್ಸು.

ನಿಮ್ಮ ಕಟ್ಟಡದಲ್ಲೂ ಜನರೇಟರ್ ಇದ್ದೀತು. ಇವತ್ತು ಸಂಜೆ ಕೆಳಗಿಳಿದಾಗ ಒಂದು ನಿಮಿಷ ಅದರ ಹತ್ತಿರ ಹೋಗಿ ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಕರೆಂಟ್ ಹೋಗಿ ಬಂದ ಮೇಲೆ ಇನ್ನೊಮ್ಮೆ ನೋಡಿ. ಅಂಕಿ ಬದಲಾಗಿರದಿದ್ದರೆ, ಅರ್ಥ್ ವೈರಿನಿಂದ ಹುಡುಕಾಟ ಶುರು ಮಾಡಿ.