ಹಾಲಿನ ಟ್ಯಾಂಕರ್ ಬರುತ್ತೆ, ಇನ್ನೊಂದು ಟ್ಯಾಂಕರ್ ಯಾಕೆ ಬರಲ್ಲ?

ಇವತ್ತಿನ ವಿಷಯ ಊಟದ ಹೊತ್ತಲ್ಲಿ ಮಾತಾಡೋವಂಥದ್ದಲ್ಲ. ತಟ್ಟೆ ಮುಂದೆ ಕೂತಿದ್ದರೆ ಮೊದಲು ಊಟ ಮುಗಿಸಿ. ಯಾಕಂದ್ರೆ ನಾನು ಹೇಳಹೊರಟಿರೋದು ಟಾಯ್ಲೆಟ್ ಗುಂಡಿಯ ಕಥೆ.

ನಮ್ಮ ದೊಡ್ಡಪ್ಪನ ಮನೆ ತಿಪಟೂರು ತಾಲ್ಲೂಕಿನಲ್ಲಿ, ಹಾಲ್ಕುರಿಕೆ ದಾಟಿ ಒಳಗೆ ಹೋಗಬೇಕಾದ ಒಂದು ಹಳ್ಳಿಯಲ್ಲಿದೆ. ಸುತ್ತ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ಕೊಟ್ಟಿಗೆಯಲ್ಲಿ ಎರಡು ಹಸು. ಹೋದ ಸಲ ಹೋಗಿದ್ದು ಮೊಮ್ಮಗುವಿನ ನಾಮಕರಣಕ್ಕೆ. ನೆಂಟರು ಬರೋಕೆ ಇನ್ನೆರಡು ದಿನ ಇದೆ ಅನ್ನುವಾಗ ಗುಂಡಿ ತುಂಬಿ ಉಕ್ಕಿತು. ದೊಡ್ಡಪ್ಪ ಪಂಚಾಯಿತಿಗೆ ಕೇಳಿದರು. ಗಾಡಿ ಇಲ್ಲ. ಪಟ್ಟಣದ ಒಂದು ಕಚೇರಿಗೆ ಫೋನ್ ಮಾಡಿದರು. ಗಾಡಿ ಇದೆ, ಆದರೆ 'ನೀವು ನಮ್ಮ ಲಿಮಿಟ್‌ಗೆ ಬರಲ್ಲ ಯಜಮಾನರೇ' ಅಂದರು. ಹೇಳಿದವರದ್ದು ತಪ್ಪಲ್ಲ. ಲಿಮಿಟ್ ದಾಟಿ ಗಾಡಿ ಕಳಿಸಿದರೆ ನಾಳೆ ಡೀಸೆಲ್ ಲೆಕ್ಕಕ್ಕೆ ಉತ್ತರ ಕೊಡಬೇಕಾದವರು ಅವರೇ.

ಕೊನೆಗೆ ಖಾಸಗಿ ಟ್ಯಾಂಕರ್ ಬಂತು. ಬಂದದ್ದು ಕತ್ತಲಾದ ಮೇಲೆ. ಅರ್ಧ ಗಂಟೆಯಲ್ಲಿ ಗುಂಡಿ ಖಾಲಿ. 'ಎಲ್ಲಿಗೆ ಸುರೀತೀಯಪ್ಪಾ?' ಅಂತ ಕೇಳಿದ್ದಕ್ಕೆ, 'ಅದೆಲ್ಲ ನಿಮಗ್ಯಾಕೆ ಯಜಮಾನ್ರೇ' ಅಂದು ದುಡ್ಡು ಎಣಿಸಿಕೊಂಡು ಹೋದ. ಬೆಳಿಗ್ಗೆ ವಾಸನೆಯೇ ದಾರಿ ತೋರಿಸಿತು. ಊರಾಚೆ ಹಳ್ಳಕ್ಕೆ ಬಿಟ್ಟು ಹೋಗಿದ್ದ. ಆ ಹಳ್ಳ ಮಳೆ ಬಂದರೆ ಸೀದಾ ಪಕ್ಕದ ಪಂಚಾಯಿತಿಯ ಕೆರೆಗೆ ಹೋಗುತ್ತೆ. ದೊಡ್ಡಪ್ಪ ಅವತ್ತು ಹೇಳಿದ ಒಂದು ಮಾತು ನನ್ನ ಜೊತೆ ಬೆಂಗಳೂರಿಗೂ ಬಂತು: 'ನಮ್ಮನೆ ಏನೋ ಚೊಕ್ಕ ಆಯ್ತು ಕಣವ್ವ. ಆ ಊರಿನೋರ ಮುಖ ಹೆಂಗೆ ನೋಡ್ಲಿ?'

ಆ ಕೆರೆ ಕೋಡಿ ಬಿದ್ದರೆ ನಾವೇ ಹೋಗಿ ಬಾಗಿನ ಕೊಡ್ತೀವಿ. ಅದಕ್ಕೇ ಇದನ್ನೂ ಬಿಟ್ಟಿದ್ದೀವಿ.

ಈಗ ಅದೇ ಬೆಳಿಗ್ಗೆ ನಾನು ಕಂಡ ಇನ್ನೊಂದು ದೃಶ್ಯ ಹೇಳ್ತೀನಿ. ಡೈರಿ ಮುಂದೆ ಜನ ಕ್ಯಾನ್ ಹಿಡಿದು ನಿಂತಿದ್ದರು. ಹಾಲು ಅಳೆದರು, ಫ್ಯಾಟ್ ನೋಡಿದರು, ಬರೆದುಕೊಂಡರು. ಸುತ್ತಲಿನ ಹಳ್ಳಿಗಳ ಹಾಲೆಲ್ಲ ಸೇರಿ ಟ್ಯಾಂಕರ್‌ನಲ್ಲಿ ಮಲ್ಲಸಂದ್ರದ ತುಮುಲ್ ಡೈರಿಗೆ ಹೋಗುತ್ತೆ. ಆ ಟ್ಯಾಂಕರ್ ಯಾವತ್ತಾದರೂ 'ಇದು ನಮ್ಮ ಲಿಮಿಟ್ ಅಲ್ಲ' ಅಂದಿದ್ದುಂಟಾ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂತ ತಾಲ್ಲೂಕಿನ ಗಡಿ ನೋಡಿ ನಿಂತಿದ್ದುಂಟಾ? ಇಲ್ಲ. ಒಳ್ಳೆಯದನ್ನು ಒಟ್ಟುಗೂಡಿಸಿ ಸಾಗಿಸೋದು ನಮಗೆ ಗೊತ್ತು. ಕೆಟ್ಟದ್ದನ್ನು ಮಾತ್ರ ಕತ್ತಲಲ್ಲಿ ಪಕ್ಕದವರ ಮೇಲೆ ಸುರಿತೀವಿ.

ಯಾಕೆ ಹೀಗೆ? ಇದು ಬರೀ ಜನರ ಸ್ವಭಾವದ ಪ್ರಶ್ನೆ ಅಲ್ಲ, ವ್ಯವಸ್ಥೆಯ ಪ್ರಶ್ನೆ.

ತಿಪಟೂರಿಗೆ ನಗರಸಭೆ. ಚಿಕ್ಕನಾಯಕನಹಳ್ಳಿಗೆ ಪುರಸಭೆ. ತುರುವೇಕೆರೆಗೆ ಪಟ್ಟಣ ಪಂಚಾಯಿತಿ. ಹಾಲ್ಕುರಿಕೆಯಂಥ ಊರಿಗೆ ಗ್ರಾಮ ಪಂಚಾಯಿತಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಇವಕ್ಕೆಲ್ಲ ಅಧಿಕಾರ ಕೊಟ್ಟವು. ಪಂಚಾಯಿತಿಗಳಿಗೆ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ, ಪಟ್ಟಣಗಳಿಗೆ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯ. ನೈರ್ಮಲ್ಯ ಎರಡೂ ಪಟ್ಟಿಯಲ್ಲಿದೆ. ಪಟ್ಟಣಕ್ಕೆ ನಗರಾಭಿವೃದ್ಧಿಯ ಕಡೆಯ ಇಲಾಖೆ, ಹಳ್ಳಿಗೆ ಗ್ರಾಮೀಣಾಭಿವೃದ್ಧಿ ಇಲಾಖೆ. ಅಂದ್ರೆ ಒಂದೇ ಕೆಲಸ, ಎರಡು ಪುಸ್ತಕ, ಎರಡು ಇಲಾಖೆ. ನಮ್ಮ ದೊಡ್ಡಪ್ಪನ ಗುಂಡಿ ಆ ಎರಡು ಪುಸ್ತಕದ ನಡುವೆ ಬಿತ್ತು.

ಸಂವಿಧಾನ ಬರೆದವರಿಗೆ, ತಿದ್ದಿದವರಿಗೆ ಇದು ಹೊಳೆಯಲಿಲ್ಲ ಅಂದ್ಕೋಬೇಡಿ. 243 ಝಡ್‌ಡಿ ಅಂತ ಒಂದು ವಿಧಿ ಇದೆ. ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಆರಿಸಬೇಕು. ಹಳ್ಳಿ-ಪಟ್ಟಣ ಎರಡಕ್ಕೂ ಸೇರಿದ ವಿಷಯಗಳು, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಇವನ್ನೆಲ್ಲ ಒಟ್ಟಿಗೆ ನೋಡಿ ಆ ಸಮಿತಿ ಜಿಲ್ಲೆಯ ಯೋಜನೆ ಮಾಡಬೇಕು. ಅಂದ್ರೆ ಪಕ್ಕದವರು ಪಕ್ಕದವರ ಜೊತೆ ಕೂತು ಮಾತಾಡೋಕೆ ಸಂವಿಧಾನವೇ ಒಂದು ಜಗಲಿ ಕಟ್ಟಿಕೊಟ್ಟಿದೆ.

ಕರ್ನಾಟಕದಲ್ಲಿ ಆ ಜಗಲಿ ಮೇಲೆ ಯಾರಿದ್ದಾರೆ? 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದೆ ಹೋಗ್ತಾನೇ ಬಂತು. ಸದಸ್ಯರೇ ಇಲ್ಲದ ಮೇಲೆ ಅವರು ಆರಿಸೋ ಸಮಿತಿ ಎಲ್ಲಿಂದ ಬರಬೇಕು? ಅಧಿಕಾರಿಗಳು ಫೈಲ್ ನಡೆಸಬಹುದು. ಆದರೆ 'ನಿಮ್ಮ ಗಾಡಿ ನಮ್ಮ ಊರಿಗೂ ಬರಲಿ, ನಮ್ಮ ಪಾಲಿನ ದುಡ್ಡು ಇಷ್ಟು' ಅಂತ ಜಗಳ ಆಡಿ ಒಪ್ಪಂದಕ್ಕೆ ಬರಬೇಕಾದವರು ಓಟು ಪಡೆದವರು.

ನಾನು ಓದಿದ್ದು ಇಂಜಿನಿಯರಿಂಗ್, ಸೇರಿದ್ದು ಸ್ಟುಡಿಯೋ. ದೊಡ್ಡಪ್ಪನಿಗೆ ಇವತ್ತಿಗೂ ಅದರ ಬಗ್ಗೆ ಸಮಾಧಾನ ಇಲ್ಲ. ಅವರ ಸಮಾಧಾನಕ್ಕಾದರೂ ಒಂದು ಲೆಕ್ಕ ಮಾಡೋಣ. ಒಂದು ಪಂಚಾಯಿತಿಯಲ್ಲಿ ಇಂಥ ಗುಂಡಿ ಇರೋ ಮನೆ 900 ಅಂತಿಟ್ಟುಕೊಳ್ಳಿ. ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಬೇಕು ಅಂದರೆ ವರ್ಷಕ್ಕೆ 300 ಸಲ. ಕೆಲಸದ ದಿನ 300 ಹಿಡಿದರೆ ದಿನಕ್ಕೆ ಒಂದು ಟ್ರಿಪ್. ಒಂದು ಗಾಡಿ ದಿನಕ್ಕೆ ನಾಲ್ಕು ಟ್ರಿಪ್ ಆರಾಮಾಗಿ ಹೊಡೆಯುತ್ತೆ. ಹಾಗಾದರೆ ಒಂದೇ ಪಂಚಾಯಿತಿ ಗಾಡಿ ಕೊಂಡರೆ ಮುಕ್ಕಾಲು ದಿನ ಅದು ನೆರಳಲ್ಲಿ ನಿಂತಿರುತ್ತೆ. ನಾಲ್ಕು ಪಂಚಾಯಿತಿ ಸೇರಿದರೆ ಗಾಡಿಗೂ ಕೆಲಸ, ಡ್ರೈವರ್‌ಗೂ ತಿಂಗಳ ಸಂಬಳ. ಒಬ್ಬೊಬ್ಬರಿಗೇ ಆಗದ ಕೆಲಸ ಕೂಡಿದರೆ ಆಗುತ್ತೆ ಅನ್ನೋದು ಬರೀ ಭಾಷಣ ಅಲ್ಲ, ಇಷ್ಟೇ ಸರಳ ಭಾಗಾಕಾರ.

ದುಡ್ಡು ಎಲ್ಲಿಂದ ಅಂತೀರಾ? 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿಯೂ, ಹತ್ತಿರದ ಪಟ್ಟಣದಲ್ಲಿ ಸಂಸ್ಕರಣಾ ಘಟಕ ಇದ್ದರೆ ಹಳ್ಳಿಯ ಗುಂಡಿಯದ್ದನ್ನೂ ಅಲ್ಲಿಗೇ ಒಯ್ಯಿರಿ, ಇಲ್ಲದಿದ್ದರೆ ಹಳ್ಳಿಗಳ ಗುಂಪಿಗೊಂದು ಘಟಕ ಮಾಡಿ ಅನ್ನುತ್ತೆ.

ಆಗುತ್ತಾ ಇದೆಲ್ಲ? ಆಗಿದೆ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಟ್ಯಾಂಕರ್ ಅಲ್ಲಿಗೆ ಬಂದು ಸುರಿಯುತ್ತೆ, ಒಣಗಿಸಿ, ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡ್ತಾರೆ. ಇನ್ನು ಒಣ ಕಸದ ವಿಷಯಕ್ಕೆ ಬಂದರೆ, ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಒಂದೇ ಘಟಕಕ್ಕೆ ನಲವತ್ತರಷ್ಟು ಗ್ರಾಮ ಪಂಚಾಯಿತಿಗಳ ಕಸ ಬಂದು ವಿಂಗಡಣೆ ಆಗುತ್ತೆ. ಹೊರದೇಶ ನೋಡಬೇಕಾ? ಫ್ರಾನ್ಸ್‌ನಲ್ಲಿ ಸುಮಾರು 35 ಸಾವಿರ ಸ್ಥಳೀಯ ಸಂಸ್ಥೆಗಳಿವೆ, ಎಷ್ಟೋ ನಮ್ಮ ಹಳ್ಳಿಗಿಂತ ಚಿಕ್ಕವು. ಅವು ತಮ್ಮ ಹೆಸರು, ತಮ್ಮ ಮೇಯರ್ ಉಳಿಸಿಕೊಂಡೇ ಒಂದು ಕೆಲಸಕ್ಕೆ ಕೂಡಿಕೊಳ್ಳಬಹುದು ಅಂತ 1890ರಲ್ಲೇ ಕಾನೂನು ಮಾಡಿದರು.

ಇಲ್ಲಿ ಒಂದು ಎಚ್ಚರಿಕೆ. ಕೂಡೋದು ಬೇರೆ, ನುಂಗೋದು ಬೇರೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಅದೇ ಬೆಂಗಳೂರನ್ನು 2025ರಲ್ಲಿ ಐದು ಪಾಲಿಕೆ ಮಾಡಿ, ಮೇಲೊಂದು ಪ್ರಾಧಿಕಾರ ಇಟ್ಟರು. ಇದಕ್ಕಿಂತ ಕಹಿ ಪಾಠ ಮಂಡೂರಿನದ್ದು. ಬೆಂಗಳೂರಿನ ಕಸ ವರ್ಷಗಟ್ಟಲೆ ಆ ಹಳ್ಳಿಯ ಪಕ್ಕ ಬಂದು ಬಿತ್ತು. ಜನ ರಸ್ತೆಗೆ ಇಳಿದ ಮೇಲೆ, 2014ರ ಕೊನೆಗೆ ನಿಂತಿತು. ಅಲ್ಲಿ ಹಂಚಿಕೆ ಆಗಿದ್ದು ಸೇವೆ ಅಲ್ಲ, ದುರ್ನಾತ. ಪಟ್ಟಣಕ್ಕೆ ಅನುಕೂಲ, ಹಳ್ಳಿಗೆ ಕಸ, ಮಾತಾಡೋಕೆ ಕುರ್ಚಿ ಇಲ್ಲ.

ಹಾಗಾಗಿ ನನಗೆ ಕಾಣೋ ಸೂತ್ರ ಇದು. ಘಟಕ ಯಾವ ಊರಿನಲ್ಲಿ ಬರುತ್ತೋ ಆ ಊರಿನವರಿಗೆ ಮೊದಲ ಕುರ್ಚಿ, ಆದಾಯದಲ್ಲಿ ಪಾಲು, ಯಾವಾಗ ಬೇಕಾದರೂ ಒಳಗೆ ಬಂದು ನೋಡೋ ಹಕ್ಕು. ಪ್ರತಿ ಟ್ರಿಪ್‌ಗೂ ಚೀಟಿ: ಯಾವ ಮನೆಯಿಂದ ಹೊರಟಿತು, ಘಟಕಕ್ಕೆ ಎಷ್ಟು ಹೊತ್ತಿಗೆ ತಲುಪಿತು. ಘಟಕದ ಸಹಿ ಇಲ್ಲದ ಟ್ರಿಪ್‌ಗೆ ಬಾಡಿಗೆ ಇಲ್ಲ. ಪಂಚಾಯಿತಿಗಳ ಪಾಲು ಟ್ರಿಪ್ ಎಣಿಸಿ. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ. ಇದರಲ್ಲಿ ಹೊಸದೇನಿದೆ? ಡೈರಿಯಲ್ಲಿ ಹಾಲಿಗೆ ಮಾಡ್ತಿರೋದೇ ಇದು. ಅಳತೆ, ಚೀಟಿ, ಬಟವಾಡೆ, ಸರ್ವಸದಸ್ಯರ ಸಭೆ. ಹಾಲಿನ ಟ್ಯಾಂಕರ್ ದಿನಾ ಬರೋದು ಚಾಲಕ ಒಳ್ಳೆಯವನು ಅಂತಲ್ಲ, ಲೆಕ್ಕ ಇದೆ ಅಂತ.

ಇದು ಬರೀ ವಾಸನೆಯ ವಿಷಯವೂ ಅಲ್ಲ. ಗಾಡಿ ಸಿಗದ ಕಡೆ ಮನುಷ್ಯನನ್ನು ಗುಂಡಿಗೆ ಇಳಿಸ್ತಾರೆ. 2013ರ ಕಾಯ್ದೆ ಅದನ್ನು ಅಪರಾಧ ಅಂದಿದೆ. ಗುಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಜೀವ ಹೋದ ಮೇಲೆ 30 ಲಕ್ಷ ಕೊಡೋ ಬದಲು, ಜೀವ ಇರುವಾಗಲೇ ನಾಲ್ಕು ಪಂಚಾಯಿತಿ ಸೇರಿ ಒಂದು ಗಾಡಿ ತರಬಾರದಾ?

ಒಂದು ಜಾತ್ರೆ ಅಂದರೆ ನಮ್ಮ ಕಡೆ ಹತ್ತು ಹಳ್ಳಿಯವರು ಸೇರ್ತಾರೆ. ತೇರಿಗೆ ಯಾರು, ದಾಸೋಹಕ್ಕೆ ಯಾರು, ನೀರು-ದೀಪಕ್ಕೆ ಯಾರು ಅಂತ ಒಂದು ಸಂಜೆ ಕೂತು ತೀರ್ಮಾನ ಮಾಡ್ತಾರೆ. ಜಗಳ ಆಗುತ್ತೆ, ಆದರೂ ತೇರು ನಿಲ್ಲಲ್ಲ. ಅಂಥದ್ದೇ ಒಂದು ಸಂಜೆ ಈ ಕೆಲಸಕ್ಕೂ ಕೂರಿ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: 'ನಮ್ಮೂರ ಗುಂಡಿ ಖಾಲಿ ಮಾಡಿದ ಗಾಡಿ ಎಲ್ಲಿ ಸುರಿಯುತ್ತೆ?' ಉತ್ತರ ಸಿಗದಿದ್ದರೆ ಪಕ್ಕದ ಪಂಚಾಯಿತಿಯವರನ್ನು ಕರೆದು ಕೂರಿಸೋ ನಿರ್ಣಯ ಅಲ್ಲೇ ಬರೆಸಿ.

ದೊಡ್ಡಪ್ಪ ಬರೆಸ್ತೀನಿ ಅಂದಿದ್ದಾರೆ. ಪಕ್ಕದೂರಿನವರ ಮುಖ ನೋಡೋಕೆ ಅವರಿಗೆ ಕಂಡಿರೋ ದಾರಿ ಅದೊಂದೇ.