ಎಕ್ಕಡಿಕಿ, ಅಮ್ಮಾ?

ಹಾಸನದಿಂದ ಬಂದ ನಮ್ಮ ಸೋದರತ್ತೆಯವರು ಒಂದು ಮಧ್ಯಾಹ್ನ ಹಟ ಹಿಡಿದು ಕೋಠಿಯಿಂದ ಚಿಕ್ಕಡಪಲ್ಲಿಗೆ ಒಬ್ಬರೇ ಬಸ್ಸು ಹತ್ತಿದರು. ಕಂಡಕ್ಟರು ಬಂದು, "ಎಕ್ಕಡಿಕಿ, ಅಮ್ಮಾ? ಚೆಪ್ಪಂಡಿ" ಎಂದನಂತೆ. ನಮ್ಮವರಿಗೆ ಎಕ್ಕಡವೆಂದರೆ ಕಾಲಿನ ಮೆಟ್ಟು. ಚೆಪ್ಪು ಎಂದರೂ ಚಪ್ಪಲಿಯೇ ನೆನಪಿಗೆ ಬರುವುದು. ಅತ್ತೆಯವರು ನಾಚಿ ಕಾಲುಗಳನ್ನು ಸೀಟಿನಡಿಗೆ ಎಳೆದುಕೊಂಡರು. ಆತ ಪಾಪ, 'ಎಲ್ಲಿಗೆ? ಹೇಳಿ' ಎಂದು ಕೇಳಿದ್ದ, ಅಷ್ಟೆ!

ಮುಂದೆ ಗುರುತಿನ ಚೀಟಿಯ ಪ್ರಸಂಗ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣವುಂಟು. ಇಲ್ಲಿ ಅದೇ ವರ್ಷದ ಡಿಸೆಂಬರ್ 9ರಿಂದ ಆರಂಭವಾದ ಸೌಲಭ್ಯ ತೆಲಂಗಾಣದ ಹೆಂಗಸರಿಗೆ ಮಾತ್ರ. ಹಾಸನದ ವಿಳಾಸವಿದ್ದ ಚೀಟಿ ನಡೆಯಲಿಲ್ಲ. ಚಿಲ್ಲರೆ ಹುಡುಕುವಷ್ಟರಲ್ಲಿ ಚಿಕ್ಕಡಪಲ್ಲಿ ಹಿಂದೆ ಸರಿದು ಮುಷೀರಾಬಾದು ಬಂದಿತ್ತು. ಯಾರೋ ಪುಣ್ಯಾತ್ಗಿತ್ತಿ ಟೆಲಿಫೋನು ಮಾಡುವವರೆಗೆ ನಮ್ಮ ಜೀವ ನಮ್ಮ ಕೈಯಲ್ಲಿರಲಿಲ್ಲ.

ಇನ್ನು ಒಂಟಿಯಾಗಿ ಕಳುಹಿಸುವುದು ಬೇಡವೆಂದು ನಾವು ತೀರ್ಮಾನಿಸಿದೆವು. ಅತ್ತೆಯವರೋ, ಪೆನ್ಸಿಲು ಹಿಡಿದು ಕುಳಿತರು. ಎಕ್ಕಂಡಿ ಎಂದರೆ ಹತ್ತಿ. ದಿಗಂಡಿ ಎಂದರೆ ಇಳಿಯಿರಿ, ದಿಗಿಲುಪಡಿರೆಂದಲ್ಲ. 'ಚಿಕ್ಕಡಪಲ್ಲಿಲೋ ದಿಗಾಲಿ, ಸ್ಟಾಪು ವಸ್ತೇ ಚೆಪ್ಪಂಡಿ' ಎಂದರೆ, ಅಲ್ಲಿ ಇಳಿಯಬೇಕು, ಬಂದಾಗ ಹೇಳಿರಿ. 'ಮುಂದುಕು ಜರಗಂಡಿ' ಎಂಬಲ್ಲಿ ನಮ್ಮ 'ಜರುಗು' ಇದೆ. ಚಿಲ್ಲರ ನಮ್ಮ ಚಿಲ್ಲರೆಯೇ. ಬಸ್ಸಿನ ಹಣೆಯ ಮೇಲಿನ ತೆಲುಗು ಲಿಪಿಯನ್ನಂತೂ ಅವರು ಆಗಲೇ ಓದಬಲ್ಲವರಾಗಿದ್ದರು. ಕನ್ನಡ ಬಲ್ಲವರಿಗೆ ಹತ್ತಾರು ಅಕ್ಷರಗಳ ತಲೆಕಟ್ಟು ಬದಲು, ಇನ್ನೇನು?

ದಖ್ಖನಿ ಉರ್ದುವಿನಲ್ಲಿ 'ಉತರ್ನಾ' ಎಂದರೆ ಇಳಿಯುವುದು, 'ನಕ್ಕೋ' ಎಂದರೆ ಬೇಡ, 'ಹೌ' ಎಂದರೆ ಹೌದು. ಈ 'ಹೌ' ಕೇಳಿ ಅತ್ತೆಯವರಿಗೆ ತವರಿನವರು ಸಿಕ್ಕಷ್ಟು ಸಂತೋಷ. ಇದರಲ್ಲಿ ಸೋಜಿಗವಿಲ್ಲ. 1932ರಲ್ಲಿ ನಿಜಾಮರ ರೈಲ್ವೆಯವರು 27 ಬಸ್ಸುಗಳಿಂದ ಸಂಚಾರ ಆರಂಭಿಸಿದಾಗ ಕಲಬುರಗಿ, ರಾಯಚೂರು, ಬೀದರು ಸೀಮೆಗಳೂ ಹೈದರಾಬಾದು ಸಂಸ್ಥಾನಕ್ಕೇ ಸೇರಿದ್ದವು. ಬೇರೆಯಾದದ್ದು 1956ರ ನವೆಂಬರ್ 1ರಂದು.

ಮೂರನೆಯ ದಿನ ಅತ್ತೆಯವರು ಮತ್ತೆ ಕೋಠಿಗೆ ಹೋದರು. ನಾವು ಚಿಕ್ಕಡಪಲ್ಲಿಯ ನಿಲ್ದಾಣದ ಬಳಿ ಅಂಗಡಿಯೊಂದರ ಮರೆಯಲ್ಲಿ ಕಾದು ನಿಂತೆವು. ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ ಕೈಚೀಲ ಹಿಡಿದು ಇಳಿದವರು ನೇರವಾಗಿ ನಮ್ಮ ಮರೆಯ ಕಡೆಗೇ ಬಂದು, "ಎಕ್ಕಡಿಕಿ?" ಎಂದು ನಮ್ಮನ್ನೇ ಕೇಳಿದರು.