ಬೀಟಲ್ ಕಾರಿಗೆ ಡೀಸೆಲ್ ಇಂಜಿನ್ ಕೂರುತ್ತದೆಯೇ?

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ್ದನ್ನು ನೋಡದವರು ನಮ್ಮ ಕಡೆ ಕಡಿಮೆ. ಅಡಿಕೆ ಮೂಟೆ, ಗೊಬ್ಬರ, ಮನೆಮಂದಿ ಎಲ್ಲರನ್ನೂ ಹೊತ್ತು ಏರು ಹತ್ತುವ ಜೀಪಿಗೆ ಪೆಟ್ರೋಲ್ ಹಾಕಿ ಪೂರೈಸುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಹಾಗಿದ್ದರೆ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ, ಹಿಂದೆ ಇಂಜಿನ್ ಇರುವ ಹಳೇ ಕಾರಿಗೆ ಇಂದಿನ ಡೀಸೆಲ್ ಇಂಜಿನ್ ಹಾಕಬಹುದೇ? ಗ್ಯಾರೇಜಿನ ಉಸ್ತಾದರನ್ನು ಕೇಳಿದರೆ 'ಕೂರಿಸಬಹುದು' ಎಂದಾರು. ಕೂರಿಸುವುದು ಬೇರೆ, ಓಡಿಸುವುದು ಬೇರೆ.

ಮೊದಲು ಆಸೆ ಯಾಕೆ ಹುಟ್ಟುತ್ತದೆ ನೋಡೋಣ. ಪ್ರಥಮ ಪಿಯುಸಿಯ ಉಷ್ಣಗತಿಶಾಸ್ತ್ರದಲ್ಲಿ ಅಡಿಯಬ್ಯಾಟಿಕ್ ಸಂಪೀಡನದ ಸೂತ್ರ ಓದಿದ್ದೀರಿ. ಹಳೇ ಬೀಟಲ್ ಇಂಜಿನ್ ಗಾಳಿಯನ್ನು ಸುಮಾರು ಏಳನೇ ಒಂದು ಭಾಗಕ್ಕೆ ಒತ್ತುತ್ತದೆ, ಡೀಸೆಲ್ ಇಂಜಿನ್ ಸುಮಾರು ಹದಿನೇಳನೇ ಒಂದು ಭಾಗಕ್ಕೆ. 300 ಕೆಲ್ವಿನ್ ಗಾಳಿಯನ್ನು ಹದಿನೇಳು ಪಟ್ಟು ಒತ್ತಿದರೆ ಲೆಕ್ಕದ ಪ್ರಕಾರ ಅದು 930 ಕೆಲ್ವಿನ್, ಅಂದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲದೆಯೇ ಡೀಸೆಲ್ ಹೊತ್ತಿಕೊಳ್ಳುವುದು ಹೀಗೆ. ಹೆಚ್ಚು ಒತ್ತಿದಷ್ಟೂ ದಕ್ಷತೆ ಹೆಚ್ಚು, ಖರ್ಚು ಕಡಿಮೆ.

ಇನ್ನು ಟಾರ್ಕ್. 1200 ಸಿಸಿಯ ಬೀಟಲ್ ಇಂಜಿನ್ ಕೊಡುವುದು ಸುಮಾರು 80 ನ್ಯೂಟನ್-ಮೀಟರ್. ಸ್ವಿಫ್ಟ್ ಕಾರಿನಲ್ಲಿ ಬಂದ 1.3 ಲೀಟರ್ ಡೀಸೆಲ್ ಇಂಜಿನ್ 190 ನ್ಯೂಟನ್-ಮೀಟರ್ ಕೊಡುತ್ತಿತ್ತು. ಎರಡೂ ನಿಧಾನ ಸುತ್ತುವ ಇಂಜಿನ್‌ಗಳೇ ಆದ್ದರಿಂದ ಗೇರ್ ಅನುಪಾತವೂ ತಕ್ಕಮಟ್ಟಿಗೆ ಹೊಂದುತ್ತದೆ. ಅರಬೈಲ್ ಘಟ್ಟ ಹತ್ತುವುದನ್ನು ಮನಸ್ಸಿನಲ್ಲೇ ಊಹಿಸಿಕೊಳ್ಳಿ, ಆಸೆ ಆಗದಿದ್ದರೆ ಹೇಳಿ! ಆದರೆ ಆ ಗೇರ್‌ಬಾಕ್ಸ್ ಹುಟ್ಟಿದ್ದು 80ಕ್ಕೆ. ಎರಡು ಪಟ್ಟಿಗೂ ಮೀರಿದ ತಿರುಚುಬಲವನ್ನು ಅದರ ಹಲ್ಲುಗಳು ಎಷ್ಟು ದಿನ ತಡೆದಾವು?

ನಿಜವಾದ ತೊಡಕು ಇರುವುದು ತೂಕದಲ್ಲಿ. ಬೀಟಲ್‌ನ ಸಿಲಿಂಡರ್‌ಗಳು ಎಡಕ್ಕೆರಡು, ಬಲಕ್ಕೆರಡು ಮಲಗಿರುತ್ತವೆ. ಹಾಗಾಗಿ ಇಂಜಿನ್ ಗಿಡ್ಡ. ಇಂದಿನ ಡೀಸೆಲ್‌ನ ನಾಲ್ಕು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದನ್ನು ಹಳೇ ಗೇರ್‌ಬಾಕ್ಸಿಗೆ ಉದ್ದಕ್ಕೆ ಜೋಡಿಸಿದರೆ ಹಿಂದಿನ ಆಕ್ಸಲ್‌ನಿಂದ ಇನ್ನಷ್ಟು ಹೊರಗೆ ತೂಗುತ್ತದೆ. ಭಾರವೂ ಹೆಚ್ಚು, ದೂರವೂ ಹೆಚ್ಚು. ದೇವಿಮನೆ ಘಟ್ಟದ ಮಳೆಗಾಲದ ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಾಲ ಹೊರಕ್ಕೆ ಬೀಸುತ್ತದೆ. ಹಳೇ ಮಾದರಿಯ ಸ್ವಿಂಗ್ ಆಕ್ಸಲ್‌ನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಅಪಾಯವೂ ಇದೆ. ನನ್ನ ಪ್ರಕಾರ ಇಷ್ಟು ಸಾಕು, ಬೇಡ ಎನ್ನಲು.

ಬಿಸಿಯದ್ದು ಇನ್ನೊಂದು ಕಥೆ. ಬೀಟಲ್‌ಗೆ ರೇಡಿಯೇಟರೇ ಇಲ್ಲ, ಫ್ಯಾನಿನ ಗಾಳಿಯೇ ಗತಿ. ಡೀಸೆಲ್ ಹಾಕಿದರೆ ಮುಂದೆ ರೇಡಿಯೇಟರ್ ಇಟ್ಟು ಕಾರಿನುದ್ದಕ್ಕೂ ನೀರಿನ ಪೈಪ್ ಎಳೆಯಬೇಕು. ಸ್ವತಃ ಕಂಪನಿಯೇ 1981ರಲ್ಲಿ ಬ್ರೆಜಿಲ್‌ನಲ್ಲಿ ಹಿಂಬದಿ ಇಂಜಿನ್ನಿನ ಕೊಂಬಿ ವ್ಯಾನಿಗೆ 1.6 ಲೀಟರ್, 50 ಅಶ್ವಶಕ್ತಿಯ ಡೀಸೆಲ್ ಹಾಕಿ, ಮೂತಿಗೆ ರೇಡಿಯೇಟರ್ ಕಟ್ಟಿತು. ಇಂಜಿನ್ ಕಾಯುತ್ತದೆ ಎಂಬ ದೂರೇ ಅದಕ್ಕೆ ಅಂಟಿಕೊಂಡಿತು. 1950ರ ದಶಕದ ಆರಂಭದಲ್ಲಿ ಬೀಟಲ್‌ಗೇ ಡೀಸೆಲ್ ಮಾಡಿ ನೋಡಿದ್ದರು. 25 ಅಶ್ವಶಕ್ತಿಯ ಆ ಕಾರು ನೂರರ ಹತ್ತಿರದ ವೇಗ ಮುಟ್ಟಲು ಸುಮಾರು ಒಂದು ನಿಮಿಷ ಬೇಕಾಗಿ, ಯೋಜನೆಯನ್ನೇ ಬಿಟ್ಟರು. ಹಾಗೆಂದು ಹಿಂದೆ ಡೀಸೆಲ್ ಇರಲೇಬಾರದು ಎಂದಲ್ಲ. ನಮ್ಮ ಹೊಸಕೋಟೆಯಲ್ಲಿ ತಯಾರಾದ ವೋಲ್ವೋ ಬಿ7ಆರ್ ಬಸ್ಸಿನ ಏಳು ಲೀಟರ್ ಇಂಜಿನ್ ಹಿಂದೆಯೇ ಇದೆ. ಅದಕ್ಕೆ ಚಾಸಿ, ಫ್ಯಾನ್, ಬ್ರೇಕ್ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಕೂರಿಸಿದ್ದಾರೆ.

ಜೊತೆಗೆ ಇಂದಿನ ಡೀಸೆಲ್ ಬರೀ ಕಬ್ಬಿಣವಲ್ಲ. ಇಸಿಯು, ಸೆನ್ಸರ್‌ಗಳು, ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್, ಕೀಲಿಯ ಇಮೊಬಿಲೈಸರ್ ಎಲ್ಲವನ್ನೂ ವೈರಿಂಗ್ ಸಮೇತ ತರಬೇಕು.

ಇಷ್ಟೆಲ್ಲ ಮಾಡಿದರೂ ರಸ್ತೆಗಿಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಕ್ಕೆ ಆರ್‌ಸಿ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕೆಎ-31 ಫಲಕದ ಗಾಡಿಗೂ ಇದೇ ನಿಯಮ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಇದನ್ನೇ, ಆಗ ಪೆಟ್ಟು ತಿಂದವರ ಪರಿಹಾರಕ್ಕೂ ತಕರಾರು ಬರುತ್ತದೆ.

ಅದೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸುವ ಕಿಟ್‌ಗಳನ್ನು ನಿಯಮಗಳಿಗೆ ಒಳಪಟ್ಟು ಅಳವಡಿಸಬಹುದು. 2019ರಲ್ಲಿ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಬೆಂಬಲದಿಂದ ತಯಾರಾದ ವಿದ್ಯುತ್ ಬೀಟಲ್‌ಗೆ 60 ಕಿಲೋವಾಟ್ ಮೋಟಾರು, 36.8 ಕಿಲೋವಾಟ್-ಅವರ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 200 ಕಿಲೋಮೀಟರ್. ಬ್ಯಾಟರಿ ಇರುವುದು ನೆಲದಡಿಯಲ್ಲಿ, ಬಾಲದಲ್ಲಲ್ಲ.